ಸೋಫಾಕ್ಕೆ ಸಿಕ್ಕಿತು, ಇಂಜಿನ್ನಿಗೆ ಸಿಗಲಿಲ್ಲ

ಹೋದ ವಾರ ಮುಲುಂಡಿನಲ್ಲಿ ನಮ್ಮ ಕಡೆಯವರದೊಂದು ಕುಬಸದ, ಅಂದರೆ ಸೀಮಂತದ ಕಾರ್ಯಕ್ರಮ ಇತ್ತು. ಸೊಸೈಟಿಯ ಗೇಟು ದಾಟಿದ ಕೂಡಲೇ ಒಂದು ವಾಸನೆ ಬಂತು. ನೆಲಮಹಡಿಯವರ ಮನೆಗೆ ಹಿಂದಿನ ದಿನ ಮಳೆನೀರು ನುಗ್ಗಿತ್ತಂತೆ. ಗಾದಿ, ಕಪಾಟು, ಕುರ್ಚಿ ಎಲ್ಲವನ್ನೂ ಹೊರಗೆ ಎಳೆದು ಹಾಕಿದ್ದರು. ಪಕ್ಕದಲ್ಲಿ ನೀರೆತ್ತುವ ಡೀಸೆಲ್ ಪಂಪು ಗುಡುಗುಡು ಎನ್ನುತ್ತಿತ್ತು. ನೆಂದ ಪ್ಲೈವುಡ್, ನೆಂದ ಸ್ಪಂಜು, ಅದರ ಮೇಲೆ ಡೀಸೆಲ್ ಹೊಗೆ. ಜೊತೆಗಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದರು. ನನಗೆ ಆ ವಾಸನೆಯ ಗುರುತು ಮೊದಲೇ ಇತ್ತು. ಆದರೂ ಒಳಗೆ ಹೋಗಿ ಅಕ್ಷತೆ ಹಾಕಿ ಊಟ ಮಾಡಿ ಬಂದೆ. ಊಟ ಬಿಡುವ ಹೆಂಗಸಲ್ಲ ನಾನು. ಆದರೆ ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಿ ಅಂಧೇರಿ ಮುಟ್ಟುವ ತನಕ ಆ ಒಂದು ಮಳೆಗಾಲ ನನ್ನ ಪಕ್ಕದಲ್ಲೇ ಕೂತು ಬಂತು.

ನನ್ನ ಮಗ ಬಸವರಾಜ ಆಗ ವ್ಯಾನಿಟಿ ವ್ಯಾನಿನ ಮಾಲೀಕ. ಶೂಟಿಂಗ್ ನಡೆಯುವ ಕಡೆ ರಸ್ತೆ ಬದಿಗೆ ಕರಿ ಗಾಜಿನ ಉದ್ದನೆಯ ಬಿಳಿ ಬಸ್ಸು ನಿಂತಿರುತ್ತದಲ್ಲ, ಅದು. ಹೊರಗಿನಿಂದ ಬಸ್ಸು, ಒಳಗೆ ಮನೆ. ಮೇಕಪ್ಪಿಗೆ ಸುತ್ತ ಬಲ್ಬು ಹಚ್ಚಿದ ಕನ್ನಡಿ, ಮಲಗಲು ಗಾದಿ, ಕೂರಲು ಸೋಫಾ, ಕಾಲು ಚಾಚಿದರೆ ಕಕ್ಕಸು. ಹೊಟ್ಟೆಯ ಕೆಳಗೆ ಒಂದು ಜನರೇಟರ್, ಅದರಿಂದ ಎಸಿ. ಜೋಗೇಶ್ವರಿಯ ಚಾಳಿನಲ್ಲಿ ನಾವು ನಾಲ್ಕು ಜನ ಇರುವ ಖೋಲಿಗಿಂತ ಆ ಬಸ್ಸು ಉದ್ದ. ನಾವು ಸಿಂದಗಿ ಕಡೆಯವರು. ನನ್ನ ಗಂಡ ಬಿಲ್ಡಿಂಗ್ ಕೆಲಸಕ್ಕೆಂದು ಬಂದು ಮುಂಬಯಿಯಲ್ಲಿ ಎಷ್ಟೋ ಮಹಡಿ ಕಟ್ಟಿದ, ತನಗೆಂದು ಒಂದು ಖೋಲಿ ಕೊಂಡ. ಸಾಯುವ ಮುಂಚೆ ಅದನ್ನು ನನ್ನ ಹೆಸರಿಗೆ ಮಾಡಿಸಿದ. ಮಗನ ಹೆಸರಿಗೆ ಯಾಕೆ ಮಾಡಿಸಲಿಲ್ಲ ಎಂದು ಆಗ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಸು ವರ್ಷಗಟ್ಟಲೆ ಬೇರೆಯವರ ವ್ಯಾನು ಓಡಿಸಿದ. ಆಮೇಲೆ ಸೊಸೆ ರೇಖಾಳ ಬಂಗಾರ ಮಾರಿ, ಉಳಿದದ್ದಕ್ಕೆ ಫೈನಾನ್ಸಿನವರ ಸಾಲ ತೆಗೆದು, ಹಳೆಯದೊಂದನ್ನು ತಾನೇ ಕೊಂಡ. ಕೊಂಡ ದಿನ ಚಾಳಿನ ಬಾಯಿಗೆ ತಂದು ನಿಲ್ಲಿಸಿದ್ದ. ಇಡೀ ಚಾಳು ಒಳಗೆ ಹೊಕ್ಕು ನೋಡಿತು. ಗಾಲಿಗೆ ನಿಂಬೆಹಣ್ಣು ಇಟ್ಟವಳು ನಾನೇ.

ಆ ಲೈನಿನಲ್ಲಿ ಒಂದು ಕಾನೂನಿದೆ. ಎಲ್ಲೂ ಬರೆದಿಲ್ಲ, ಆದರೆ ಎಲ್ಲ ಡ್ರೈವರುಗಳಿಗೂ ಗೊತ್ತು. ದಿನದ ಕೆಲಸ ಮುಗಿಯಿತೆಂದು ಪ್ರೊಡಕ್ಷನ್ನಿನವರು ‘ಪ್ಯಾಕಪ್’ ಎಂದು ಕೂಗುವ ತನಕ ವ್ಯಾನಿನ ಎಸಿ ನಿಲ್ಲಬಾರದು. ಹಿರೋಯಿನ್ನು ಒಳಗಿರಲಿ, ಹೊರಗೆ ಬಿಸಿಲಿನಲ್ಲಿ ಕುಣಿಯುತ್ತಿರಲಿ, ಬಂದು ಬಾಗಿಲು ತೆರೆದಾಗ ಒಳಗೆ ತಂಪಿರಬೇಕು. ಡೀಸೆಲ್ ಉಳಿಸಲಿಕ್ಕೆಂದು ಊಟದ ಹೊತ್ತಿನಲ್ಲಿ ಎಸಿ ನಿಲ್ಲಿಸಿದ ಒಬ್ಬನ ವ್ಯಾನು ಸಂಜೆಯೊಳಗೆ ಬದಲಾಗಿತ್ತಂತೆ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಈ ಕತೆಯನ್ನು ಬಸು ದೇವರ ಕತೆಯ ಹಾಗೆ ಹೇಳುತ್ತಿದ್ದ.

ಆ ವರ್ಷ ಮಳೆ ಮೊದಲು ಆಟವಾಡಿಸಿತು. ಜೂನೆಲ್ಲ ಸೆಖೆ. ಆಮೇಲೆ ಬಂದದ್ದು ಬಿಟ್ಟು ಹೋಗಲೇ ಇಲ್ಲ. ಅಂಧೇರಿಯ ತಗ್ಗಿನ ಕಡೆ ಒಂದು ಹಳೆಯ ಬಂಗಲೆಯಲ್ಲಿ ಬಸುನ ವ್ಯಾನಿಗೆ ಕೆಲಸ ನಡೆದಿತ್ತು. ಒಂದು ಮಧ್ಯಾಹ್ನ ಲೋಕಲ್ ರೈಲುಗಳು ನಿಂತವೆಂದು ಮೊಮ್ಮಗಳು ಪೂಜಾ ಕಾಲೇಜಿನಿಂದ ನಡೆದುಕೊಂಡೇ ಬಂದಳು. ನಾನು ಬಸುಗೆ ಫೋನು ಹಚ್ಚಿದೆ.

“ಅವ್ವಾ, ರೋಡ್ ಮ್ಯಾಲ ನೀರ ಬಂದಾವ. ಗಾಲಿ ಅರ್ಧ ಮುಳಗ್ಯಾವ.”

“ಹಂಗಾರ ಎಲ್ಲಾ ಬಂದ್ ಮಾಡಿ ಗಾಡಿ ತಗೊಂಡ ಎತ್ತರಕ್ಕ ಹೋಗು.”

“ಪ್ಯಾಕಪ್ ಆಗಿಲ್ಲ.”

“ನಿನ್ನ ಪ್ಯಾಕಪ್ ನೀರಿಗೇನ್ ಗೊತ್ತೋ, ಹುಚ್ಚ?”

“ಮ್ಯಾಡಮ್ ಬಂಗಲೆದಾಗ ಅದಾರವ್ವಾ. ಶಾಟ್ ಮುಗಿಸಿ ತೊಯಿಸಿಕೊಂಡ ಬರ್ತಾರ. ಹೊಳ್ಳಿ ಬಂದಾಗ ಗಾಡಿ ಇಲ್ಲ ಅಂದ್ರ?”

ಮ್ಯಾಡಮ್ ಬಂಗಲೆಯಲ್ಲಿ ಇರಲಿಲ್ಲ. ನೀರು ಏರುತ್ತಿದ್ದಂತೆ ಅವಳನ್ನು ಹಿಂದಿನ ಗೇಟಿನಿಂದ ಎತ್ತರದ ಜೀಪಿನಲ್ಲಿ ಕೂರಿಸಿ ಕಳಿಸಿಬಿಟ್ಟಿದ್ದರು. ಕ್ಯಾಮರಾದವರು ಹೋದರು, ಲೈಟಿನವರು ಹೋದರು. ಮುಂದಿನ ಗೇಟಿನಲ್ಲಿ ನಿಂತಿದ್ದ ನನ್ನ ಮಗನಿಗೆ ಯಾರೂ ಹೇಳಲಿಲ್ಲ. ಯಾರೂ ಇಲ್ಲದ ಕೋಣೆಯನ್ನು ಅವನು ತಂಪು ಮಾಡುತ್ತ ನಿಂತ. ಜನರೇಟರಿಗೆ ನೀರು ಹೊಕ್ಕು ಅದು ಢಮ್ಮೆಂದು ನಿಂತಾಗ ಗಾಬರಿಯಾಗಿ ಗಾಡಿಯನ್ನೇ ಚಾಲೂ ಮಾಡಿ ಮುಂದೆ ತೆಗೆಯಲು ನೋಡಿದ. ಒಂದು ಮಾರು ಹೋಗಲಿಲ್ಲ. ಇಂಜಿನ್ನು ಕೆಮ್ಮಿ ಸತ್ತಿತು.

ನೀರಿಳಿದ ಮೇಲೆ ಗಾಡಿಯನ್ನು ಮೆಹಬೂಬನ ಗ್ಯಾರೇಜಿಗೆ ಎಳೆತಂದರು. ಮೆಹಬೂಬ ವಿಜಾಪುರದವನು, ನಮ್ಮ ಖೋಲಿಯ ಹಿಂದಿನ ಗಲ್ಲಿಯಲ್ಲಿ ಅವನ ಗ್ಯಾರೇಜು. ನಾನು ಹೋಗಿ ನೋಡಿದೆ. ಬಾಗಿಲು ತೆರೆದ ಕೂಡಲೇ ಬಂದದ್ದೇ ಆ ವಾಸನೆ. ಸೋಫಾ ಉಬ್ಬಿ ಈಯಲು ಬಂದ ಎಮ್ಮೆಯ ಹಾಗೆ ಕೂತಿತ್ತು. ಕನ್ನಡಿಗೆ ಮಾತ್ರ ಏನೂ ಆಗಿರಲಿಲ್ಲ, ಅದರಲ್ಲಿ ನನ್ನ ಮುಖ ಕಂಡಿತು.

“ಇಂಜಿನ್ ನೀರ ಕುಡದೈತಿ ಅಮ್ಮಾ,” ಎಂದ ಮೆಹಬೂಬ. “ಒಳಗಿನ ರಾಡೆಲ್ಲಾ ಬಾಗ್ಯಾವ. ಜನರೇಟರ್ ಖತಂ.”

“ವಿಮಾ ಐತಲ್ಲ,” ಎಂದ ಬಸು. ವರ್ಷ ವರ್ಷ ತಪ್ಪದೆ ಕಟ್ಟಿದ್ದ. ಆ ಮಾತನ್ನು ಅವನು ಧೈರ್ಯವಾಗಿಯೇ ಹೇಳಿದ.

ವಿಮೆಯವರ ಕಡೆಯಿಂದ ಹಾನಿ ನೋಡಲು ಒಬ್ಬ ಸರ್ವೇಯರ್ ಬಂದ. ಒಳ್ಳೆಯ ಮಾತಿನ ಹುಡುಗ. ಕೆಸರಿನಲ್ಲಿ ಬೂಟು ಹೊಲಸಾದರೂ ಬೈಯಲಿಲ್ಲ. ಫೋಟೋ ತೆಗೆದ, ಕೆಳಗೆ ಬಗ್ಗಿ ನೋಡಿದ. ಕಡೆಗೆ ಮೆಲ್ಲಗೆ ಹಿಂದಿಯಲ್ಲಿ ಕೇಳಿದ, ನೀರು ಬಂದಾಗ ಎಲ್ಲ ಬಂದ್ ಮಾಡಿದ್ರಾ ಎಂದು.

ನನ್ನ ಮಗ ಎದೆ ಮುಂದೆ ಮಾಡಿ ಹೇಳಿದ. “ನಹೀ ಸಾಬ್. ಆಖ್ರೀ ತಕ್ ಚಾಲೂ ರಖಾ. ಪ್ಯಾಕಪ್ ನಹೀ ಹುವಾ ಥಾ.”

ಕಡೆಯ ತನಕ ಚಾಲೂ ಇಟ್ಟದ್ದಕ್ಕೆ ಬಹುಮಾನ ಕೊಡುತ್ತಾರೆ ಎಂದುಕೊಂಡಿದ್ದನೋ ಏನೋ. ಮೆಹಬೂಬ ಕೆಮ್ಮಿದ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಬೇಕೆಂದೇ ಕೆಳಗೆ ಬೀಳಿಸಿದ. ಆಗಲೇ ಹೊತ್ತಾಗಿತ್ತು. ಆ ಹುಡುಗ ತಲೆ ಅಲ್ಲಾಡಿಸಿ ಬರೆದುಕೊಂಡ. ಅವನು ಹೋದ ಮೇಲೆ ಮೆಹಬೂಬ ಎಂದ, “ಬಸಣ್ಣಾ, ಖರೇ ಹೇಳೂದಕ್ಕೂ ಒಂದ ಜಾಗಾ ಇರ್ತದ.”

“ನಾ ಏನ್ ತಪ್ ಮಾಡೇನಿ? ನನ್ನ ಡ್ಯೂಟಿ ಮಾಡೇನಿ,” ಎಂದ ಬಸು. ಅವನಿಗೆ ಅರ್ಥವೇ ಆಗಿರಲಿಲ್ಲ. ನನಗೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಉತ್ತರ ಪೂಜಾಳ ಫೋನಿಗೆ ಬಂತು, ಇಂಗ್ಲಿಷಿನಲ್ಲಿ. ಓದುತ್ತ ಓದುತ್ತ ಹುಡುಗಿಯ ಮುಖ ಸಣ್ಣದಾಯಿತು.

“ಅಜ್ಜಿ, ಆಧಾ ಕೊಟ್ರು. ಆಧಾ ರಿಜೆಕ್ಟ್.”

“ಯಾವ ಅರ್ಧ ಕೊಟ್ರು?”

“ಸೋಫಾ, ಗಾದಿ, ಪರ್ದಾ, ಕೆಳಗಿನ ಪ್ಲೈ... ಇದು ಸಬ್ ದೇಂಗೆ. ಇಂಜಿನ್, ಜನರೇಟರ್, ಎಸಿ ಇಲ್ಲ. ಅದು ನೀರಿಂದ ಖರಾಬ್ ಆಗಿದ್ದು ಅಲ್ಲ ಅಂತೆ. ನೀರಲ್ಲಿ ಚಾಲೂ ಇಟ್ಟಿದ್ದಕ್ಕೆ ಖರಾಬ್ ಆಗಿದ್ದು ಅಂತೆ.”

ರೇಖಾ ಪಾತ್ರೆ ತಿಕ್ಕುತ್ತಿದ್ದವಳು ತಲೆ ಎತ್ತಲಿಲ್ಲ. “ಅಂದ್ರ ಗಾಡ್ಯಾಗ ಕೂಡಾಕ ರೊಕ್ಕ ಕೊಡ್ತಾರ, ಗಾಡಿ ಹೋಗಾಕ ಕೊಡೂದಿಲ್ಲ,” ಎಂದಳು.

ವಿಮೆಯವರಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿದ್ದರು. ಒತ್ತಿ ಒತ್ತಿ ಸಾಕಾಗಿ ಬಸು ಬಾಂದ್ರಾದ ಆಫೀಸಿಗೇ ಹೋಗುತ್ತೇನೆಂದ. ಒಬ್ಬನೇ ಹೋದರೆ ‘ಜೀ ಸರ್’ ಎಂದು ಬರುತ್ತಾನೆಂದು ನಾನೂ ಹೊರಟೆ. ಆ ಆಫೀಸಿನೊಳಗೆ ಮಂಜುಗಡ್ಡೆಯಂಥ ಚಳಿ. ಕೌಂಟರಿನ ಹುಡುಗಿ ಕಾಗದ ನೋಡಿ ನನಗೆ ಮರಾಠಿಯಲ್ಲಿ ಬುದ್ಧಿ ಹೇಳಿದಳು. “ಆಜಿ, ಪಾಣ್ಯಾತ್ ಗಾಡೀ ಚಾಲೂ ಕರಾಯಚೀ ನಸತೇ.” ನೀರಿನಲ್ಲಿ ಗಾಡಿ ಚಾಲೂ ಮಾಡಬಾರದಂತೆ. ಇಂಜಿನ್ನಿಗೆ ಬೇರೆ ವಿಮೆ ಕವರ್ ಸಿಗುತ್ತದೆ, ಸ್ವಲ್ಪ ಹೆಚ್ಚು ಕಟ್ಟಿ ಅದನ್ನು ತೆಗೆದುಕೊಳ್ಳಬೇಕಿತ್ತು, ನೀವು ಬೇಡ ಅಂದಿದ್ದೀರಿ ಎಂದಳು. ಬಸು ನೆಲ ನೋಡಿದ. ಬೇಡ ಎಂದದ್ದು ನಿಜ, ಆ ತಿಂಗಳು ಪೂಜಾಳ ಫೀ ಇತ್ತು.

ನಾನು ಅವಳಿಗೆ ಕೇಳಿದೆ. “ಬಾಳಾ, ಈ ಎಸಿ ಎಷ್ಟು ಥಂಡಿ ಐತಿ. ನಿನ್ನ ಸಾಹೇಬ ಹೇಳದೆ ನೀನು ಎದ್ದು ಬಂದ್ ಮಾಡ್ತೀಯಾ?”

ನನ್ನ ಮುರುಕು ಮರಾಠಿ ಅವಳಿಗೆ ತಿಳಿಯಿತು. ಮೇಲೆ ನೋಡಿದಳು, ನಕ್ಕಳು. ಮೈಮೇಲೆ ಶಾಲು ಹೊದ್ದುಕೊಂಡಿದ್ದಳು ಪಾಪ. ದೂರು ಕೊಡಲು ಇನ್ನೊಂದು ಕಡೆಯ ವಿಳಾಸ ಬರೆದು ಕೊಟ್ಟಳು. ಅಲ್ಲಿಗೂ ಪೂಜಾ ಬರೆದಳು. ಅಲ್ಲಿಂದಲೂ ಅದೇ ಮಾತು ಬೇರೆ ಕಾಗದದ ಮೇಲೆ ಬಂತು.

ಇನ್ನುಳಿದದ್ದು ಪ್ರೊಡಕ್ಷನ್ನಿನ ದುಬೆ. ಆ ಶೂಟಿಂಗಿನಲ್ಲಿ ಗಾಡಿ, ಊಟ, ಜನ ಎಲ್ಲ ನೋಡಿಕೊಳ್ಳುವವನು ಅವನೇ, ಪ್ಯಾಕಪ್ ಹೇಳಬೇಕಾದವನೂ ಅವನೇ. ತನ್ನ ಮಾತಿನ ಮೇಲೆಯೇ ಗಾಡಿ ಅಲ್ಲಿ ನಿಂತಿತ್ತು ಎಂದು ಅವನು ಬರೆದುಕೊಟ್ಟರೆ ಪ್ರೊಡಕ್ಷನ್ನಿನವರ ವಿಮೆಯಿಂದ ಏನಾದರೂ ಬಂದೀತು ಎಂದು ಚಾಳಿನಲ್ಲಿ ಒಬ್ಬ ವಕೀಲರ ಗುಮಾಸ್ತ ಹೇಳಿದ್ದ. ಬಸು ಹೋಗಲು ಒಲ್ಲೆ ಎಂದ. ನಾನು ಚಪ್ಪಲಿ ಮೆಟ್ಟಿಕೊಂಡೆ, ಹಿಂದಿನಿಂದ ಬಂದ.

ಅಂಧೇರಿಯ ಒಂದು ಸ್ಟುಡಿಯೋ ಶೆಡ್ಡಿನ ಬಾಗಿಲಲ್ಲಿ ದುಬೆ ಚಹಾ ಕುಡಿಯುತ್ತ ನಿಂತಿದ್ದ. ಕುರ್ಚಿ ತರಿಸಿ ನನ್ನನ್ನು ಕೂರಿಸಿದ, ನನಗೂ ಚಹಾ ಕೊಡಿಸಿದ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಎಲ್ಲರಿಗೂ ಹೇಳಿದ್ರಿ. ನನ್ನ ಮಗನಿಗೆ ಯಾಕೆ ಹೇಳಲಿಲ್ಲ?” ಎಂದು ಹಿಂದಿಯಲ್ಲಿ ನೇರ ಕೇಳಿದೆ.

ದುಬೆ ಬಸುನ ಮುಖ ನೋಡಿದ, ಚಹಾ ನೋಡಿದ. “ಸಚ್ ಬೋಲೂಂ ಮಾಜೀ? ಭೂಲ್ ಗಯಾ.”

ಮರೆತನಂತೆ. ಅಷ್ಟು ಉದ್ದನೆಯ ಬಸ್ಸನ್ನು, ಅದರೊಳಗಿನ ಮನುಷ್ಯನನ್ನು. ಬರೆದುಕೊಡು ಎಂದೆ. ಎರಡೂ ಕೈ ಜೋಡಿಸಿದ. ಬರೆದರೆ ತನ್ನ ನೌಕರಿ ಹೋಗುತ್ತದೆ ಎಂದ. ಆಮೇಲೆ ಬಸುನ ಹೆಗಲ ಮೇಲೆ ಕೈ ಹಾಕಿ, ಗಣಪತಿ ಮುಗಿದ ಕೂಡಲೇ ದೊಡ್ಡ ಶೆಡ್ಯೂಲ್ ಇದೆ, ಗಾಡಿ ತಯಾರು ಮಾಡು, ಮೊದಲು ನಿನ್ನದನ್ನೇ ಕರೆಯುತ್ತೇನೆ ಎಂದ.

“ಜೀ ಸರ್,” ಎಂದ ನನ್ನ ಮಗ.

ರಿಕ್ಷಾದಲ್ಲಿ ಕೂತ ಮೇಲೆ ಬೈದೆ. “ಬಾಯಾಗ ಏನ್ ಇಟಗೊಂಡಿದ್ಯೋ?”

“ಜಗಳಾಡಿ ಈ ಲೈನ್ ಬಿಟ್ಟ ನಾ ಎಲ್ಲಿಗಿ ಹೋಗ್ಲವ್ವಾ? ನನಗ ಮತ್ತೇನ್ ಬರ್ತದ?” ಎಂದ. ಮಳೆ ಎರಡೂ ಬದಿಯಿಂದ ಹೊಡೆಯುತ್ತಿತ್ತು. ರಿಕ್ಷಾದವನು ಪ್ಲಾಸ್ಟಿಕ್ಕಿನ ಪರದೆ ಇಳಿಸಿದ.

ಆಮೇಲೆ ಎಲ್ಲವೂ ಒಂದೇ ಮಾತಿಗೆ ಬಂದು ನಿಂತಿತು. ಗಣಪತಿ ಹಬ್ಬದೊಳಗೆ ಇಂಜಿನ್ನು ಕೂರಿಸಿದರೆ ಗಾಡಿ ಉಳಿಯುತ್ತದೆ, ಇಲ್ಲದಿದ್ದರೆ ಕಂತು ತಪ್ಪಿತೆಂದು ಫೈನಾನ್ಸಿನವರು ಎಳೆದುಕೊಂಡು ಹೋಗುತ್ತಾರೆ. ಹಳೆಯ ಇಂಜಿನ್ನು ಹಾಕಿದರೂ ಕೂಡ ಮೆಹಬೂಬ ಹೇಳಿದ ಖರ್ಚು ನಾವು ಕನಸಿನಲ್ಲೂ ಕೂಡಿಸುವಂಥದ್ದಲ್ಲ. ಅವನು ತನ್ನ ಕೂಲಿ ಬಿಡುತ್ತೇನೆಂದ. ಕೂಲಿ ಬಿಟ್ಟರೆ ಕಬ್ಬಿಣ ಪುಕ್ಕಟೆ ಬರುತ್ತದೆಯೇ?

ಒಂದು ಬೆಳಿಗ್ಗೆ ಬಸು ನನ್ನ ಎದುರಿಗೆ ಕೂತ. ರೇಖಾ ಬಾಗಿಲ ಹತ್ತಿರ ನಿಂತಿದ್ದಳು. ಮೊದಲೇ ಮಾತಾಡಿಕೊಂಡಿದ್ದರೆಂದು ತಿಳಿಯಿತು.

“ಅವ್ವಾ, ಖೋಲಿ ಗಿರವಿ ಇಡೂಣು. ಎರಡು ಸೀಸನ್ನಿನಾಗ ಬಿಡಿಸಿಕೊಡ್ತೀನಿ.”

“ಇಲ್ಲ.”

“ಪೂರ್ತಿ ಕೇಳಿಲ್ಲ ನೀ.”

“ಕೇಳೂದ ಏನೈತಿ? ಗಾಡಿ ಹೋದ್ರ ಗಾಡಿ ಅಷ್ಟ ಹೋಗ್ತದ. ಖೋಲಿ ಹೋದ್ರ ನಾವೆಲ್ಲಾ ಹೋಗ್ತೀವಿ.”

“ನನ್ನ ಮ್ಯಾಲ ಭರೋಸಾ ಇಲ್ಲ ನಿನಗ.”

“ನಿನ್ನ ಮ್ಯಾಲ ಐತಿ. ಮಳಿ ಮ್ಯಾಲ ಇಲ್ಲ.”

ಆಗ ರೇಖಾ ಬಾಗಿಲಿನಿಂದಲೇ ಎಂದಳು, “ಅತ್ತಿ, ನನ್ನ ಬಂಗಾರ ಹೋಗೂ ಮುಂದ ಯಾರೂ ‘ಇಲ್ಲ’ ಅನಲಿಲ್ಲ.”

ಅವಳು ಹೇಳಿದ್ದು ನಿಜ. ಈಗಲೂ ನಿಜ. ಆದರೆ ನಿಜವೆಂದು ಖೋಲಿ ಕೊಡಲಾಗುತ್ತದೆಯೇ? ನಾನು ಕೊಡಲಿಲ್ಲ. ಇವತ್ತು ಕೇಳಿದರೂ ಕೊಡುವುದಿಲ್ಲ. ಚಾಳಿನ ನಳದ ಹತ್ತಿರ ಹೆಂಗಸರು, ಮುದುಕಿ ಸತ್ತಾಗ ಖೋಲಿ ಹೊತ್ತುಕೊಂಡು ಹೋಗ್ತಾಳೇನ ಎಂದು ನನಗೆ ಕೇಳಿಸುವ ಹಾಗೆ ಮಾತಾಡಿದರು. ಹೊತ್ತುಕೊಂಡು ಹೋಗಲು ಬರುವ ಹಾಗಿದ್ದರೆ ನೋಡುತ್ತಿದ್ದೆ ಎಂದು ಕೊಡ ತುಂಬಿಸಿಕೊಂಡು ಬಂದೆ.

ಅಂದಿನಿಂದ ಬಸು ನನ್ನ ಜೊತೆ ಮಾತು ಬಿಟ್ಟ. ನಾಲ್ಕು ಜನ ಇರುವ ಒಂದು ಖೋಲಿಯಲ್ಲಿ ಮಾತು ಬಿಡುವುದು ಸಣ್ಣ ಕೆಲಸವಲ್ಲ. ನೀರು ಬೇಕಾದರೆ ಪೂಜಾಗೆ ಹೇಳುತ್ತಿದ್ದ, ಪೂಜಾ ನನಗೆ ಹೇಳುತ್ತಿದ್ದಳು, ನಾನು ಅವನ ಮುಂದೆಯೇ ಇಡುತ್ತಿದ್ದೆ. ಗೋಡೆಗೆ ಬೂಸಲು ಬಂತು. ಒಗೆದ ಬಟ್ಟೆ ಒಣಗಲಿಲ್ಲ. ರೊಟ್ಟಿ ತಟ್ಟುವಾಗ ಮಾತ್ರ ಸಪ್ಪಳ, ಉಳಿದದ್ದೆಲ್ಲ ಮಳೆಯದು.

ಈ ನಡುವೆ ವಿಮೆಯವರು ಒಪ್ಪಿದ ಅರ್ಧದ ಕೆಲಸ ಶುರುವಾಯಿತು. ಆ ರೊಕ್ಕ ಕೈಗೆ ಕೊಡುವುದಿಲ್ಲವಂತೆ. ಹೊಸದನ್ನು ಕೂರಿಸಿ, ಫೋಟೋ ಕಳಿಸಿ, ಬಿಲ್ಲು ತೋರಿಸಿದ ಮೇಲೆ ಕೂರಿಸಿದವರಿಗೇ ನೇರ ಕೊಡುತ್ತಾರಂತೆ. ಅದನ್ನು ಇಂಜಿನ್ನಿಗೆ ತಿರುಗಿಸಿ ಎಂದು ಬಸು ಬೇಡಿಕೊಂಡ. ಹಾಗೆ ಬರುವುದಿಲ್ಲವಂತೆ. ಗಾದಿಯವರು ಬಂದು ಮಾಸದ ಕೆನೆಬಣ್ಣದ ಹೊಸ ಸೋಫಾ ಕೂರಿಸಿದರು. ಹೊಸ ಪರದೆ ಕಟ್ಟಿದರು. ನೆಲಕ್ಕೆ ಹೊಸ ಪ್ಲೈ ಬಡಿದರು. ಅಷ್ಟು ಚಂದ ಆ ಗಾಡಿ ಕೊಂಡ ದಿನವೂ ಇರಲಿಲ್ಲ.

“ಹೆಣಕ್ಕ ರುಮಾಲು ಸುತ್ತಿದಂಗಾತು,” ಎಂದ ಮೆಹಬೂಬ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಗಣಪತಿ ಬಂದ, ಹೋದ. ವಿಸರ್ಜನೆಯ ಗುಲಾಲು ಇನ್ನೂ ಗಟಾರಿನಲ್ಲಿ ಕೆಂಪಗಿರುವಾಗಲೇ ಫೈನಾನ್ಸಿನವರು ಗಾಡಿ ಎಳೆಯುವ ಕ್ರೇನು ತಂದರು. ನನ್ನ ಕಣ್ಣಿಂದ ನೋಡೂದಾಗೂದಿಲ್ಲ ಎಂದು ರೇಖಾ ಮನೆಯಲ್ಲೇ ಉಳಿದಳು. ಬಸು ಗ್ಯಾರೇಜಿಗೆ ಹೋದ. ಅವನ ಹಿಂದೆ ನಾನೂ ಹೋದೆ. ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.

ಎಳೆಯಲು ಬಂದವನು ತರುಣ ಹುಡುಗ. ಗಲಾಟೆಯಾಗುತ್ತದೆಂದು ಹೆದರಿದ್ದ. ಬಸು ಗಲಾಟೆ ಮಾಡಲಿಲ್ಲ. ತೋರಿಸಿದಲ್ಲಿ ಸಹಿ ಹಾಕಿದ, ಚಾವಿ ಕೊಟ್ಟ. ಹುಡುಗ ಸರಪಳಿ ಬಿಗಿಯತೊಡಗಿದಾಗ, ಒಳಗೆ ನನ್ನ ಸಾಮಾನು ಅದಾವ ಎಂದು ಹೇಳಿ ಗಾಡಿ ಹತ್ತಿದ. ಒಳಗೆ ಅವನ ಸಾಮಾನು ಏನೂ ಇರಲಿಲ್ಲ, ಇದ್ದದ್ದನ್ನೆಲ್ಲ ಎಂದೋ ತೆಗೆದಿದ್ದ.

ಸ್ವಲ್ಪ ಹೊತ್ತು ಬರಲಿಲ್ಲ. ನಾನು ಮೆಟ್ಟಿಲ ಹತ್ತಿರ ಹೋಗಿ ಇಣುಕಿದೆ. ಆ ಹಿರೋಯಿನ್ನಿನ ಕೋಣೆಯಲ್ಲಿ, ಹೊಸ ಸೋಫಾದ ತುದಿಯಲ್ಲಿ, ಡಾಕ್ಟರ ಮುಂದೆ ಕೂತವನ ಹಾಗೆ ಕೂತಿದ್ದ. ಡ್ರೈವರ್ ಆದವನು ಆ ಕೋಣೆಯಲ್ಲಿ ಕೂರುವ ಪದ್ಧತಿ ಇಲ್ಲ. ಕಸ ಗುಡಿಸಬಹುದು, ಬಲ್ಬು ಹಾಕಬಹುದು, ಕೂರಬಾರದು. ಮಾಲೀಕನಾದ ಮೇಲೂ ಅವನು ಊಟ ಮಾಡುತ್ತಿದ್ದದ್ದು ಮುಂದೆ ಸ್ಟೇರಿಂಗಿನ ಹತ್ತಿರ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು.

ನನ್ನನ್ನು ನೋಡಿ ಪಕ್ಕಕ್ಕೆ ಸರಿದ.

“ಬಾ. ಕೂಡು,” ಎಂದ.

ಇಷ್ಟು ದಿನಕ್ಕೆ ಆಡಿದ ಮೊದಲ ಮಾತು ಅದು. ಮೊಣಕಾಲು ಹಿಡಿದುಕೊಂಡು ಹತ್ತಿದೆ, ಹೋಗಿ ಕೂತೆ. ಸೋಫಾ ನನ್ನನ್ನು ಒಳಗೆ ನುಂಗಿತು. ಎಸಿ ಇಲ್ಲ, ಕಿಟಕಿ ತೆರೆಯುವುದಿಲ್ಲ. ಇಬ್ಬರಿಗೂ ಬೆವರು ಇಳಿಯತೊಡಗಿತು.

“ಹೆಂಗೈತಿ?” ಎಂದು ಕೇಳಿದ.

“ಭಾಳ ಮೆತ್ತಗೈತಿ. ನಡಾ ನೋಯ್ತದ.”

ಅವನ ಮೂಗಿನಿಂದ ಒಂದು ಸಪ್ಪಳ ಬಂತು. ನಕ್ಕನೋ ಅತ್ತನೋ, ನಾನು ತಿರುಗಿ ನೋಡಲಿಲ್ಲ. ಹೊರಗಿನಿಂದ ಹುಡುಗ ತಗಡಿನ ಮೇಲೆ ಬಡಿದ. “ಕಾಕಾ, ಹೋ ಗಯಾ ಕ್ಯಾ? ಉತರೋ.”

ಇಳಿಯಲು ಹೇಳಿದನೆಂದು ನಾನು ಏಳಲು ಸೋಫಾದ ಕೈ ಹಿಡಿದೆ. ಬಸು ನನ್ನ ಸೆರಗು ಹಿಡಿದು ಜಗ್ಗಿದ.

“ಬಡೀಲಿ ಬಿಡು,” ಎಂದ. “ನಮ್ಮ ಪಾಲಿಗೆ ಬಂದದ್ದು ಇದಿಷ್ಟ. ಇನ್ನೊಂದ ಸ್ವಲ್ಪ ಕೂಡು.”

ಕೂತೆ.